ಕರಿ ಸೀರೆ, ಕರಿ ಅಂಗಿ: ಒಂದು ಸಂಕ್ರಾಂತಿಯ ಪ್ರಕರಣ

2021ರ ಜನವರಿ 14, ಗುರುವಾರ. ಮುಂಬೈಯ ಒಂದು ಸರ್ಕಾರಿ ಕಚೇರಿ. ಆ ದಿನ ನಮ್ಮ ಶಾಖೆಯಲ್ಲಿ ಇಬ್ಬರು ಕನ್ನಡಿಗರು ಕಪ್ಪು ಬಟ್ಟೆ ಹಾಕಿಕೊಂಡು ಬಂದಿದ್ದೆವು. ಒಬ್ಬಳು ನಾನು, ನೌಕರರ ಹಾಜರಿ, ಸೇವೆಯ ಕಾಗದ ನೋಡುವ ಆಸ್ಥಾಪನಾ ಶಾಖೆಯ ಕಾರಕೂನಳು. ಇನ್ನೊಬ್ಬ ಜತ್ತ ತಾಲೂಕಿನ ಹುಡುಗ. ಗುತ್ತಿಗೆ ಮೇಲೆ ಬಂದು ಕಂಪ್ಯೂಟರಿಗೆ ಮಾಹಿತಿ ತುಂಬುವವನು. ಹನ್ನೊಂದು ಗಂಟೆಯ ಹೊತ್ತಿಗೆ ಸಾಹೇಬರು ನನ್ನ ಕೈಗೆ ಎಳ್ಳುಂಡೆ ಇಟ್ಟರು, ಸೀರೆ ಚೆನ್ನಾಗಿದೆ ಅಂದರು. ಅವನಿಗೆ ಹೇಳಿದ್ದು, ಹೋಗಿ ಬಟ್ಟೆ ಬದಲಿಸಿಕೊಂಡು ಬಾ ಅಂತ.

ಕಾಗದ ಹಿಡಿದು ನೋಡಿದರೆ ಇಬ್ಬರೂ ತಪ್ಪು ಮಾಡಿದ್ದೆವು. ಸರಿಯಾಗಿ ಎಣಿಸಿದರೆ ನನ್ನದೂ ಏನೂ ಕಡಿಮೆ ಇರಲಿಲ್ಲ. ಆ ಎಣಿಕೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದ

2020ರ ಡಿಸೆಂಬರ್ 8ರಂದು ಮಹಾರಾಷ್ಟ್ರದ ಸಾಮಾನ್ಯ ಆಡಳಿತ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸರ್ಕಾರಿ ನೌಕರರು ಕಚೇರಿಗೆ ಏನು ಹಾಕಿಕೊಂಡು ಬರಬೇಕು ಎಂಬುದೇ ವಿಷಯ. ಇಲ್ಲಿ ಯಾವ ಕಾಗದ ಬಂದರೂ ಜನ ಅದನ್ನು ಜಿಆರ್, ಅಂದರೆ ಸರ್ಕಾರಿ ನಿರ್ಣಯ, ಅಂತಲೇ ಕರೆಯುತ್ತಾರೆ. ತಲೆಬರಹದಲ್ಲಿ ‘ಮಹಾರಾಷ್ಟ್ರ ಶಾಸನ’ ಅಂತ ಇರುತ್ತದೆ. ಮರಾಠಿಯಲ್ಲಿ ಶಾಸನ ಅಂದರೆ ಸರ್ಕಾರ. ಕನ್ನಡ ಶಾಲೆಯಲ್ಲಿ ಓದಿದ ನನಗೆ ಇವತ್ತಿಗೂ ಆ ಪದ ಕಂಡರೆ ಹಲ್ಮಿಡಿ ನೆನಪಾಗುತ್ತದೆ. ಕಲ್ಲಿನಲ್ಲಿ ಕೊರೆದ ಮಾತು, ಅಳಿಸಲು ಬಾರದ್ದು. ಈ ಶಾಸನ ಮಾತ್ರ ಮೂರು ತಿಂಗಳಲ್ಲಿ ಅರ್ಧ ಅಳಿಸಿಹೋಯಿತು. ಅದು ಆಮೇಲೆ.

ಹೆಂಗಸರಿಗೆ ಸೀರೆ, ಸಲ್ವಾರ್ ಅಥವಾ ಚೂಡಿದಾರ ಕುರ್ತಾ, ಇಲ್ಲವೇ ಪ್ಯಾಂಟಿನ ಮೇಲೆ ಕುರ್ತಾ ಅಥವಾ ಶರ್ಟು. ಬೇಕಿದ್ದರೆ ದುಪಟ್ಟಾ. ಗಂಡಸರಿಗೆ ಶರ್ಟು, ಪ್ಯಾಂಟು. ಜೀನ್ಸ್ ಮತ್ತು ಟೀ ಶರ್ಟ್ ಬೇಡ. ಗಾಢ ಬಣ್ಣ ಬೇಡ. ‘ಚಿತ್ರವಿಚಿತ್ರ’ ಕಸೂತಿ, ಚಿತ್ರ ಇರುವ ಬಟ್ಟೆ ಬೇಡ. ಖಾದಿಗೆ ಉತ್ತೇಜನ ಸಿಗಲಿ ಅಂತ ವಾರಕ್ಕೆ ಒಂದು ದಿನವಾದರೂ, ಅಂದರೆ ಶುಕ್ರವಾರ, ಖಾದಿ ಹಾಕಬೇಕು. ಕಾಲಿಗೆ ಹೆಂಗಸರು ಚಪ್ಪಲಿ, ಸ್ಯಾಂಡಲ್ ಅಥವಾ ಬೂಟು ಹಾಕಬಹುದು. ಗಂಡಸರು ಬೂಟು ಅಥವಾ ಸ್ಯಾಂಡಲ್. ಸ್ಲಿಪ್ಪರ್ ಯಾರಿಗೂ ಇಲ್ಲ.

ಈ ಚಪ್ಪಲಿ ಸಾಲನ್ನು ನಾವು ಊಟದ ಹೊತ್ತಿಗೆ ಎಷ್ಟು ಸಲ ಓದಿ ನಕ್ಕಿದ್ದೇವೋ. ಸ್ಲಿಪ್ಪರ್ ಎಲ್ಲಿ ಮುಗಿದು ಚಪ್ಪಲಿ ಎಲ್ಲಿ ಶುರುವಾಗುತ್ತದೆ? ಗಂಡಸರ ಪಟ್ಟಿಯಲ್ಲಿ ಚಪ್ಪಲಿಯೇ ಇಲ್ಲ. ಹಾಗಾದರೆ ಕೊಲ್ಹಾಪುರಿ ಹಾಕಿದ ಗಂಡಸು ಏನು ಮಾಡಬೇಕು? ಮಹಾರಾಷ್ಟ್ರ ಎದೆ ತಟ್ಟಿ ಹೇಳಿಕೊಳ್ಳುವ ಚಪ್ಪಲಿ ಅದು. ನಮಗೂ ಅದರಲ್ಲಿ ಪಾಲಿದೆ ಬಿಡಿ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ (ಜಿಐ) ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆ, ನಮ್ಮ ಕರ್ನಾಟಕದ ಕಡೆಯ 4 ಜಿಲ್ಲೆ ಸೇರಿಯೇ ಸಿಕ್ಕಿದ್ದು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಎರಡು ರಾಜ್ಯಕ್ಕೆ ಒಪ್ಪಿಗೆಯಾದ ಚಪ್ಪಲಿ ಒಬ್ಬ ಗುಮಾಸ್ತನ ಕಾಲಿಗೆ ಒಪ್ಪಿಗೆಯೋ ಇಲ್ಲವೋ ಅಂತ ಕಾಗದ ಹೇಳಲಿಲ್ಲ.

ಸುತ್ತೋಲೆಯಲ್ಲಿ ಕಾರಣವನ್ನೂ ಬರೆದಿದ್ದರು. ಅದನ್ನು ಗಮನವಿಟ್ಟು ಓದಬೇಕು. ಕೆಲವು ನೌಕರರು ಸರ್ಕಾರಿ ಕೆಲಸಕ್ಕೆ ತಕ್ಕ ಬಟ್ಟೆ ಹಾಕುವುದಿಲ್ಲ, ಇದರಿಂದ ಜನರ ಕಣ್ಣಲ್ಲಿ ನೌಕರರ ಹೆಸರು ಕೆಡುತ್ತದೆ, ಬಟ್ಟೆ ಸರಿ ಇಲ್ಲದಿದ್ದರೆ ಕೆಲಸದ ಮೇಲೂ ಪರೋಕ್ಷ ಪರಿಣಾಮ ಆಗುತ್ತದೆ, ಅಂತ. ಆ ‘ಕೆಲವು ನೌಕರರು’ ಯಾರು? ಮುಖ್ಯವಾಗಿ ಗುತ್ತಿಗೆಯವರು ಮತ್ತು ಸಲಹೆಗಾರರು ಅಂತ ಅಲ್ಲೇ ಹೇಳಿತ್ತು. ನಿಯಮ ಎಲ್ಲರಿಗೂ ಇತ್ತು. ಬೆರಳು ಮಾತ್ರ ಮೊದಲೇ ಒಂದು ಕಡೆ ತೋರಿಸಿತ್ತು.

ನನ್ನ ಸೀರೆ

ನಾನು ಉಟ್ಟಿದ್ದು ಚಂದ್ರಕಾಳಿ. ಧಾರವಾಡ ಕಡೆಯವರಿಗೆ ಹೇಳಬೇಕಾಗಿಲ್ಲ. ಕರಿ ಒಡಲು, ಮೇಲೆ ಕಸೂತಿ. ಅವ್ವನ ಸೀರೆ ಅದು. ಸೆರಗಿನ ಹತ್ತಿರ ಗೋಪುರ, ತೇರು, ಆನೆ, ನವಿಲು. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ, ನಾಲ್ಕೂ ಹೊಲಿಗೆ ಅದರಲ್ಲಿವೆ. ನೂಲು ಎಣಿಸಿ ಹಾಕುವ ಕೆಲಸ. ಗವಂತಿ ಹಾಕಿದರೆ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ.

ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಉಡುವುದು ರೂಢಿ. ಬೇರೆ ಹಬ್ಬಕ್ಕೆ ಕಪ್ಪು ಅಂದರೆ ಮುಖ ಸಿಂಡರಿಸುವ ಮನೆಯಲ್ಲೂ ಈ ಒಂದು ಹಬ್ಬಕ್ಕೆ ಕಪ್ಪೇ ಬೇಕು. ಚಳಿಗಾಲ, ಕಪ್ಪು ಬಟ್ಟೆ ಬಿಸಿಲು ಹಿಡಿಯುತ್ತದೆ ಅಂತ ಹಿರಿಯರ ಲೆಕ್ಕ. ಹೊಸ ಮದುಮಗಳಿಗೆ ಕಪ್ಪು ಸೀರೆಯ ಮೇಲೆ ಎಳ್ಳಿನ ಕುಸುರಿಯ ಒಡವೆ ತೊಡಿಸುತ್ತಾರೆ. ಇಲ್ಲಿಗೆ ಬಂದು ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು, ನಾನೂ ರೂಢಿ ಮಾಡಿಕೊಂಡೆ. ಚಂದ್ರಕಾಳಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ, ಅಲ್ವಾ?

ಆ ಗುರುವಾರ ನಮ್ಮ ಮಹಡಿಯಲ್ಲಿ ಹೆಂಗಸರು ಹತ್ತಕ್ಕೆ ಒಂಬತ್ತು ಜನ ಕಪ್ಪಿನಲ್ಲಿದ್ದರು. ಕಪ್ಪಿಗಿಂತ ಗಾಢ ಬಣ್ಣ ಇನ್ನೊಂದಿಲ್ಲ. ಸುತ್ತೋಲೆ ಹೊರಬಿದ್ದು ಐದು ವಾರ ಕಳೆದಿತ್ತು. ಅದರ ಪ್ರತಿ ನೋಟಿಸ್ ಬೋರ್ಡಿನಲ್ಲಿತ್ತು. ಅದನ್ನು ಅಂಟಿಸಿದವಳು ನಾನೇ.

ಅವನ ಅಂಗಿ

ಜತ್ತ ಸಾಂಗಲಿ ಜಿಲ್ಲೆಯಲ್ಲಿದೆ. ಆದರೂ ಅಲ್ಲಿ ಮನೆಮಾತು ಕನ್ನಡ ಇರುವ ಹಳ್ಳಿಗಳು ತುಂಬ. ಹುಡುಗ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಮರಾಠಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಮುಂಬೈಗೆ ಬಂದಿದ್ದ. ಮುಂಬೈ ಹೊರವಲಯದ ದಿವಾದಲ್ಲಿ ನಾಲ್ಕು ಜನ ಸೇರಿ ಒಂದು ಖೋಲಿ. ನನ್ನ ಹತ್ತಿರ ಮಾತ್ರ ಕನ್ನಡ.

ಆ ದಿನ ಅವನೂ ಹಬ್ಬ ಅಂತಲೇ ಕಪ್ಪು ಹಾಕಿದ್ದ. ತುಂಬು ತೋಳಿನ ಕಾಲರ್ ಅಂಗಿ. ಮೈ ತುಂಬ ಸಣ್ಣ ಸಣ್ಣ ಬಿಳಿ ಲಂಗರು. ಕೆಳಗೆ ಕಡುನೀಲಿ ಜೀನ್ಸ್. ಒಗೆದು ಇಸ್ತ್ರಿ ಮಾಡಿದ್ದು, ಹರಿದಿದ್ದೇನಲ್ಲ.

ಸಾಹೇಬರು ಕರೆದು ಮೊದಲು ಹೇಳಿದ್ದು ಜೀನ್ಸ್ ವಿಷಯ. ಅದು ಸರಿ, ಕಾಗದದಲ್ಲಿ ಸ್ಪಷ್ಟ ಇತ್ತು. ಆಮೇಲೆ ಅಂಗಿ ತೋರಿಸಿ, ಇದೇನು ಚಿತ್ರವಿಚಿತ್ರ, ಇಷ್ಟು ಗಾಢ ಬಣ್ಣ ಅಂದರು. ನಾನು ಪಕ್ಕದಲ್ಲೇ ಫೈಲ್ ಹಿಡಿದು ನಿಂತಿದ್ದೆ. ಮೈಮೇಲೆ ಆನೆ, ನವಿಲು, ಪೂರ್ತಿ ಒಂದು ತೇರು.

ಹೊರಗೆ ಬಂದು ಅವನು ಕೇಳಿದ್ದು ಇಷ್ಟೇ: “ಅಕ್ಕಾರ, ಕರೀದು ಹಬ್ಬಕ್ಕ ಹಾಕೋದಲ್ಲೇನ್ರಿ?”

ದಿವಾಕ್ಕೆ ಹೋಗಿ ಬರಬೇಕು ಅಂದರೆ ಮೂರು ತಾಸು. ಅದೂ ಆಗ ಕೊರೋನಾ ಕಾಲ, ಲೋಕಲ್ ರೈಲು ಎಲ್ಲರಿಗೂ ತೆರೆದಿರಲಿಲ್ಲ. ಸಾಮಾನ್ಯ ಜನರಿಗೆ ಫೆಬ್ರವರಿ 1ರಿಂದ ಬಿಟ್ಟರು, ಅದೂ ಹೊತ್ತು ಗೊತ್ತು ಮಾಡಿ. ಇವನು ಕಚೇರಿಯ ಪತ್ರ ತೋರಿಸಿ ಓಡಾಡುತ್ತಿದ್ದ. ಮಧ್ಯಾಹ್ನ ಮತ್ತೆ ಟಿಕೆಟ್ ಕಿಟಕಿಯಲ್ಲಿ ಆ ಪತ್ರ ಓದಿಸಿ, ಪ್ಯಾಂಟು ಬದಲಿಸಲು ಹೋಗುತ್ತಿದ್ದೇನೆ ಅಂತ ಹೇಳುವುದು ಹೇಗೆ? ಆಜಾದ್ ಮೈದಾನ ದಾಟಿ ಫ್ಯಾಷನ್ ಸ್ಟ್ರೀಟಿಗೆ ನಡೆದ. 350 ರೂಪಾಯಿಗೆ ಒಂದು ಬೂದು ಬಣ್ಣದ ಪ್ಯಾಂಟು ತಂದ. ಅಂಗಿಗೆ ದುಡ್ಡು ಉಳಿಯಲಿಲ್ಲ. ನಮ್ಮ ಶಿಪಾಯಿಯ ಲಾಕರಿನಲ್ಲಿದ್ದ ಬಿಳಿ ಅಂಗಿ ಇಸಕೊಂಡ. ಎರಡು ಇಂಚು ದೊಡ್ಡದು. ಅದರಲ್ಲಿ ಅವನು ಸುಮ್ನೆ ಸಂಜೆವರೆಗೆ ಕುಳಿತ. ನೋಡಿದವರು ಹೊಸ ಶಿಪಾಯಿ ಬಂದಿದ್ದಾನೆ ಅಂದುಕೊಂಡು ಚಹಾ ತರಲು ಹೇಳಿದರು. ಎರಡು ಸಲ.

ಅರ್ಧ ದಿನದ ಹಾಜರಿ ಕಟ್.

ಎಲ್ಲಿ ಗಟ್ಟಿ, ಎಲ್ಲಿ ಸಡಿಲು

ಬಟ್ಟೆಯ ಬಗ್ಗೆ ಸರ್ಕಾರ ನಿಯಮ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಮುಂಬೈಯಲ್ಲಿ ಟ್ಯಾಕ್ಸಿ ಹತ್ತಿದವರಿಗೆ ಗೊತ್ತು. ಗಾಡಿ ತನ್ನದೇ ಆದರೆ ಚಾಲಕನಿಗೆ ಬಿಳಿ, ಬೇರೆಯವರ ಗಾಡಿ ಓಡಿಸುವವನಿಗೆ ಖಾಕಿ. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಮಾಲೀಕನೋ ಆಳೋ ಅಂತ ಅಂಗಿಯಲ್ಲೇ ಬರೆಯುವುದು ಎಷ್ಟು ಸರಿ ಅಂತ ಜಗಳವನ್ನೂ ಆಡಬಹುದು. ಆದರೆ ಆ ನಿಯಮ ನೆಟ್ಟಗಿದೆ. ಬಿಳಿ ಅಂದರೆ ಬಿಳಿ, ಖಾಕಿ ಅಂದರೆ ಖಾಕಿ. ಪೊಲೀಸನ ಮೂಡು ಹೇಗಿದ್ದರೂ ಬಣ್ಣ ಬದಲಾಗುವುದಿಲ್ಲ. ನಮ್ಮ ಶಿಪಾಯಿಗಳಿಗೂ ಅಷ್ಟೇ, ಗಣವೇಷ ಗೊತ್ತಾಗಿದೆ, ಬಟ್ಟೆಯೂ ಸರ್ಕಾರದ್ದೇ. ಹಳೆಯ ಜನ ಇನ್ನೂ ಅವರನ್ನು ಪಟ್ಟೇವಾಲಾ ಅಂತಾರೆ, ಮೈಮೇಲೆ ಅಡ್ಡ ಪಟ್ಟಿ ಹಾಕುತ್ತಿದ್ದ ಕಾಲದ ಹೆಸರು. ಕೇಂದ್ರ ಸರ್ಕಾರವಂತೂ 2017ರಲ್ಲಿ ಏಳನೇ ವೇತನ ಆಯೋಗದ ನಂತರ ಹತ್ತಾರು ಬಟ್ಟೆ ಭತ್ಯೆ, ತೊಳೆಯುವ ಭತ್ಯೆಗಳನ್ನು ಸೇರಿಸಿ ಒಂದೇ ಉಡುಪು ಭತ್ಯೆ ಮಾಡಿತು. ಸಮವಸ್ತ್ರ ಹಾಕುವ ಕೆಳಗಿನ ದರ್ಜೆಯವರಿಗೆ ಆಗ ವರ್ಷಕ್ಕೆ 5,000 ರೂಪಾಯಿ. ನಿಯಮ ಮಾಡಿದರು, ದುಡ್ಡನ್ನೂ ಕೊಟ್ಟರು.

ನಮ್ಮ ಸುತ್ತೋಲೆಯ ತಕರಾರು ಬೇರೆ. ದುಪಟ್ಟಾ, ಸ್ಯಾಂಡಲ್, ವಾರದ ದಿನ, ಇವೆಲ್ಲ ಎಳೆ ಎಳೆಯಾಗಿ ಬರೆದಿವೆ. ಅವುಗಳ ಬಗ್ಗೆ ಯಾರೂ ಜಗಳ ಆಡುವುದಿಲ್ಲ. ಜಗಳ ಬರುವ ಜಾಗ ಎರಡು: ‘ಗಾಢ’ ಮತ್ತು ‘ಚಿತ್ರವಿಚಿತ್ರ’. ಅಲ್ಲಿ ಅಳತೆ ಇಲ್ಲ. ಇಳಕಲ್ ಸೀರೆಯ ಕೆಂಪು ಸೆರಗು ಗಾಢವೋ ಅಲ್ಲವೋ? ಪೈಠಣಿ ಸೀರೆಯ ನವಿಲು ಚಿತ್ರವೋ ನೇಯ್ಗೆಯೋ? ಕೇಳಿದರೆ ಸಾಹೇಬರು, ಅದು ಪರಂಪರೆ ಅಂತಾರೆ. ಪರಂಪರೆ ಎಂಬ ಪದ ಸುತ್ತೋಲೆಯ ಪಟ್ಟಿಯಲ್ಲಿ ಇರಲಿಲ್ಲ. ಅವರ ತಲೆಯಲ್ಲಿತ್ತು. ಆ ತಲೆಯಲ್ಲಿ ನನ್ನ ಆನೆಗೆ ಜಾಗ ಸಿಕ್ಕಿತು. ಅವನ ಲಂಗರಿಗೆ ಸಿಗಲಿಲ್ಲ.

ಜೀನ್ಸ್ ವಿಷಯದಲ್ಲೂ ಒಂದು ತಮಾಷೆ ಇದೆ. ಮುಂಬೈಯ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿಯಿಂದ ಎರಡನೇ ಸ್ಟೇಷನ್ ಸ್ಯಾಂಡ್‌ಹರ್ಸ್ಟ್ ರೋಡ್. ಇಳಿದರೆ ಡೋಂಗ್ರಿ. ಹಿಂದೆ ಅಲ್ಲಿ ಮಾರುತ್ತಿದ್ದ ದಪ್ಪ ಹತ್ತಿ ಬಟ್ಟೆಗೆ ಡುಂಗ್ರಿ ಅಂತ ಹೆಸರು. ಹಡಗಿನವರು ಅದನ್ನು ಹೊತ್ತೊಯ್ದು ಕೆಲಸದ ಬಟ್ಟೆ ಮಾಡಿಕೊಂಡರು. ಡಂಗರೀಸ್ ಎಂಬ ಪದ ಹುಟ್ಟಿದ್ದು ಹಾಗೆ. ಜೀನ್ಸಿನ ದೊಡ್ಡಪ್ಪನ ಮಗ ಅನ್ನಿ. ಕೂಲಿಯವರ ಬಟ್ಟೆ ಅಂತ ಶುರುವಾಗಿ, ಊರೂರು ಸುತ್ತಿ, ತನ್ನದೇ ಊರಿನ ಕಚೇರಿಗೆ ಬಂದಾಗ ಬಾಗಿಲಲ್ಲಿ ತಡೆದರು.

ಯಾಕೆ ಅವನೇ

ಇದನ್ನು ಬರೀ ಒಬ್ಬ ಸಾಹೇಬರ ಭೇದಭಾವ ಅಂತ ಹೇಳಿ ಮುಗಿಸಬಹುದು. ಅವರು ಕೆಟ್ಟವರಲ್ಲ. ನನಗೆ ಕಂಡ ಕಾರಣ ಕಚೇರಿಯ ಕೆಲಸದ ರೀತಿಯಲ್ಲೇ ಇದೆ.

ನಾನು ಕಾಯಂ ನೌಕರಳು. ನನ್ನ ಮೇಲೆ ಏನಾದರೂ ಮಾಡಬೇಕಾದರೆ 1979ರ ನಡತೆ ನಿಯಮ ಬೇಕು, ಅದೇ ವರ್ಷದ ಶಿಸ್ತು ಮತ್ತು ಮೇಲ್ಮನವಿ ನಿಯಮ ಬೇಕು. ನೋಟಿಸ್ ಕೊಡಬೇಕು, ನನ್ನ ಉತ್ತರ ತೆಗೆದುಕೊಳ್ಳಬೇಕು. ಆ ಉತ್ತರದಲ್ಲಿ ನಾನು ಮೊದಲು ಕೇಳುವುದೇ, ಗಾಢ ಅಂದರೆ ಎಷ್ಟು ಗಾಢ ಅಂತ. ಫೈಲ್ ಮೇಲಕ್ಕೆ ಹೋಗುತ್ತದೆ. ಮಹಡಿಯ ಎಲ್ಲ ಹೆಂಗಸರ ಸೀರೆ ಅದರಲ್ಲಿ ಸೇರಿಕೊಳ್ಳುತ್ತದೆ. ಯಾವ ಅಧಿಕಾರಿಗೆ ಬೇಕು ಈ ರಗಳೆ?

ಹುಡುಗನ ಮೇಲೆ ಕ್ರಮಕ್ಕೆ ಫೈಲೇ ಬೇಡ. ಅವನು ಏಜೆನ್ಸಿಯ ಮೂಲಕ ಬಂದವನು. ಏಜೆನ್ಸಿಗೆ ಒಂದು ಫೋನು ಸಾಕು. ಅರ್ಧ ದಿನದ ಕೂಲಿ ಕತ್ತರಿಸಲು ಯಾರ ಸಹಿಯೂ ಬೇಕಾಗಲಿಲ್ಲ. ನಾನು ಈ ಶಾಖೆಯಲ್ಲಿ ಇಷ್ಟು ವರ್ಷ ಕುಳಿತು ನೋಡಿದ್ದು ಇದನ್ನೇ: ಅರ್ಥ ಗಟ್ಟಿ ಇಲ್ಲದ ನಿಯಮ ಉತ್ತರ ಕೊಡಲಾಗದವನ ಮೇಲೆ ಹೋಗಿ ಕೂರುತ್ತದೆ.

ಮರುದಿನ ಶುಕ್ರವಾರ. ಖಾದಿ ದಿನ. ಸರ್ಕಾರಿ ಕಚೇರಿಗೆ 2020ರ ಫೆಬ್ರವರಿ 29ರಿಂದ ಐದು ದಿನದ ವಾರ ಬಂದ ಮೇಲೆ ಶುಕ್ರವಾರವೇ ವಾರದ ಕೊನೆ. ಹತ್ತಿರದ ನರಿಮನ್ ಪಾಯಿಂಟಿನ ಕಂಪನಿಗಳಲ್ಲಿ ಅವತ್ತು ಜೀನ್ಸ್, ಟೀ ಶರ್ಟ್ ದಿನ. ನಮ್ಮಲ್ಲಿ ಖಾದಿ ದಿನ. ಒಂದೇ ಬಸ್ಸಿನಲ್ಲಿ ಎರಡೂ ಥರದವರು. ಹುಡುಗನ ಹತ್ತಿರ ಖಾದಿ ಇರಲಿಲ್ಲ. ಒಂದು ಖಾದಿ ಅಂಗಿಗೆ ಅವನು ಎಷ್ಟು ದಿನ ದುಡಿಯಬೇಕು ಅಂತ ಸುತ್ತೋಲೆ ಬರೆದವರು ಲೆಕ್ಕ ಹಾಕಿರಲಿಕ್ಕಿಲ್ಲ. ನಮ್ಮ ಮನೆಯವರ ಹಳೆಯ ಖಾದಿ ಜುಬ್ಬಾ ಒಯ್ದು ಕೊಟ್ಟೆ. ಆ ದಿನ ಅವನು ಹತ್ತು ವರ್ಷ ದೊಡ್ಡವನ ಹಾಗೆ ಕಂಡ. ಯಾರೂ ಚಹಾ ತರಲು ಹೇಳಲಿಲ್ಲ.

ಟಿಪ್ಪಣಿ

ನಾನು ಸುಮ್ಮನಿರಬಹುದಿತ್ತು. ಆದರೆ ಹಾಜರಿ ಕಟ್ ಮಾಡಿದ ಕಾಗದ ನನ್ನ ಮೇಜಿಗೇ ಬಂತು. ಅದರ ಮೇಲೆ ನಾನೊಂದು ಟಿಪ್ಪಣಿ ಬರೆದೆ. ಆ ದಿನ ಶಾಖೆಯಲ್ಲಿ ಇನ್ನೂ ಹಲವರು ಗಾಢ ಬಣ್ಣದ, ಚಿತ್ರ ಇರುವ ಉಡುಪು ಧರಿಸಿದ್ದರು, ಅದರಲ್ಲಿ ಕೆಳಗೆ ಸಹಿ ಮಾಡಿದವಳೂ ಒಬ್ಬಳು. ಆದ್ದರಿಂದ ‘ಗಡದ ರಂಗ’ (ಗಾಢ ಬಣ್ಣ) ಮತ್ತು ‘ಚಿತ್ರವಿಚಿತ್ರ ನಕ್ಷಿಕಾಮ’ (ಕಸೂತಿ) ಪದಗಳ ಅರ್ಥದ ಬಗ್ಗೆ ಮಾರ್ಗದರ್ಶನ ಕೊಡಬೇಕು. ಮರಾಠಿಯಲ್ಲಿ, ಆರು ಸಾಲು. ನನ್ನ ಸೀರೆಯನ್ನು ನಾನೇ ಫೈಲಿಗೆ ಹಾಕಿದ್ದೆ.

ಕಕ್ಷ ಅಧಿಕಾರಿ, ಅಂದರೆ ಸೆಕ್ಷನ್ ಆಫೀಸರ್, ಓದಿ ನನ್ನ ಮುಖ ನೋಡಿದರು. ತಲೆ ಸರಿ ಇದೆಯಾ ಅಂತ ಕೇಳಲಿಲ್ಲ, ಆದರೆ ಕೇಳಿದ ಹಾಗೇ ಇತ್ತು. ಫೈಲ್ ಮೇಲೆ ಹೋಯಿತು.

ಮಾರ್ಚ್ ತಿಂಗಳಲ್ಲಿ ಸರ್ಕಾರವೇ ಡಿಸೆಂಬರಿನ ಸುತ್ತೋಲೆಗೆ ತಿದ್ದುಪಡಿ ಮಾಡಿತು. ಜೀನ್ಸ್ ಮೇಲಿನ ತಡೆ ತೆಗೆದರು. ಟೀ ಶರ್ಟಿನದ್ದು ಹಾಗೇ ಉಳಿಸಿದರು. ಮೂರು ತಿಂಗಳಿಗೆ ಚೂರು ಜಾಸ್ತಿ, ಅಷ್ಟೇ ಅದರ ಆಯುಷ್ಯ. ಸುದ್ದಿ ಬಂದ ದಿನ ಹುಡುಗ ಆ ಬೂದು ಪ್ಯಾಂಟಿನಲ್ಲೇ ಇದ್ದ. ಅದರ ಮೊಳಕಾಲು ಆಗಲೇ ತೆಳ್ಳಗಾಗಿತ್ತು.

ನನ್ನ ಟಿಪ್ಪಣಿ ಆಮೇಲೆ ಕೆಳಗೆ ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಎರಡು ಪದ: ‘ನಸ್ತಿ ಕರಾವೇ’. ಮರಾಠಿ ಕಚೇರಿಯಲ್ಲಿ ನಸ್ತಿ ಅಂದರೆ ಫೈಲಿಗೆ ಸೇರಿಸಿ ಮುಗಿಸಿ ಅಂತ. ಕನ್ನಡದ ಕಿವಿಗೆ ನಾಸ್ತಿ ಅಂತ ಕೇಳುತ್ತದೆ. ಎರಡೂ ಸರಿಯೇ.

ಅರ್ಧ ದಿನದ ಕೂಲಿ ವಾಪಸ್ ಬರಲಿಲ್ಲ.

ಆಮೇಲಿನದು

ಇಂಥ ಕಾಗದಗಳು ನಿಲ್ಲುವುದಿಲ್ಲ. 2021ರ ಜೂನ್‌ನಲ್ಲಿ ಸಿಬಿಐ ಕಚೇರಿಗಳಲ್ಲಿ ಜೀನ್ಸ್ ಬೇಡ ಅಂತ ಆದೇಶ ಬಂತು. 2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಶಾಲಾ ಶಿಕ್ಷಣ ಇಲಾಖೆ ಶಿಕ್ಷಕರಿಗೂ ಒಂದು ಹೊರಡಿಸಿತು. ಜೀನ್ಸ್, ಟೀ ಶರ್ಟ್ ಇಲ್ಲ, ಗಾಢ ಬಣ್ಣ ಮತ್ತು ಚಿತ್ರದ ಬಟ್ಟೆ ಇಲ್ಲ, ಗಂಡಸರ ಶರ್ಟು ಪ್ಯಾಂಟಿನ ಒಳಗೆ ಇರಬೇಕು. ಜೊತೆಗೆ ಹೆಸರಿನ ಮುಂದೆ, ಡಾಕ್ಟರಿಗೆ ‘ಡಾ.’ ಇದ್ದ ಹಾಗೆ, ಶಿಕ್ಷಕರಿಗೆ ಮರಾಠಿಯಲ್ಲಿ ‘ಟಿ’ ಅಂತ ಹಾಕಬಹುದು. ನನ್ನ ತಂಗಿ ಇಲ್ಲೇ ಕನ್ನಡ ಶಾಲೆಯಲ್ಲಿ ಟೀಚರ್. ‘ಟಿ’ ಸಿಕ್ಕಿತು, ಚಂದ್ರಕಾಳಿ ಹೋಯಿತು ಅಂತ ನಕ್ಕಳು.

2022ರಲ್ಲಿ ಪಾಟ್ನಾ ಹೈಕೋರ್ಟಿನಲ್ಲಿ ಹಿರಿಯ ಅಧಿಕಾರಿಯೊಬ್ಬರು ಕೋಟು ಇಲ್ಲದೆ, ಕಾಲರ್ ಗುಂಡಿ ಹಾಕದೆ ಬಂದರು ಅಂತ ನ್ಯಾಯಮೂರ್ತಿಗಳು ಗದರಿದ ವಿಡಿಯೋ ಎಲ್ಲರೂ ನೋಡಿದ್ದೀರಿ. 2024ರ ಜನವರಿ 3ರಂದು ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಹಾಕಿಕೊಟ್ಟಿತು. ಹಾಜರಾಗುವ ಸರ್ಕಾರಿ ಅಧಿಕಾರಿಯ ಬಟ್ಟೆಯ ಬಗ್ಗೆ ಕೋರ್ಟುಗಳು ಮಾತಾಡಬಾರದು, ಅವರದೇ ಕಚೇರಿಯ ಉಡುಪಿನ ನಿಯಮ ಮುರಿದಿದ್ದರೆ ಮಾತ್ರ ಬೇರೆ ವಿಷಯ. ಅಂದರೆ ಸುತ್ತಿ ಸುತ್ತಿ ಮತ್ತೆ ಕಚೇರಿಯ ಕಾಗದಕ್ಕೇ ಬಂತು. ಅಲ್ಲಿ ‘ಗಾಢ’ ಅಂತ ಬರೆದಿದ್ದರೆ ಗಾಢ.

2022ರ ಸಂಕ್ರಾಂತಿ ಶುಕ್ರವಾರ ಬಂತು. ಕಪ್ಪಿನ ಹಬ್ಬವೂ ಅದೇ, ಖಾದಿಯ ದಿನವೂ ಅದೇ. ಬೆಳಗ್ಗೆ ಕಪಾಟಿನ ಮುಂದೆ ನಿಂತು ಸ್ವಲ್ಪ ಹೊತ್ತು ಯೋಚಿಸಿದೆ. ಚಂದ್ರಕಾಳಿಯನ್ನೇ ಉಟ್ಟೆ. ಸಾಹೇಬರು ಬಿಳಿ ಖಾದಿ ಕುರ್ತಾದಲ್ಲಿ ಬಂದು, ಮಾಸ್ಕ್ ಕೆಳಗಿಳಿಸಿ, ತಿಳಗೂಳ ಘ್ಯಾ, ಗೋಡ ಗೋಡ ಬೋಲಾ ಅಂದರು. ನಾನೂ ಎಳ್ಳು ಬೆಲ್ಲ ಕೊಟ್ಟೆ. ಹುಡುಗನ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಹೊಸ ಏಜೆನ್ಸಿಯಿಂದ ಬಂದ ಹುಡುಗಿ, ಕಪ್ಪು ಕುರ್ತಾ, ಮೇಲೆ ಸಣ್ಣ ಬಿಳಿ ಗಾಳಿಪಟಗಳು. ಸಾಹೇಬರು ಅವಳ ಮೇಜಿನ ಹತ್ತಿರ ಒಂದು ಕ್ಷಣ ನಿಂತರು. ಅವಳು ನನ್ನ ಕಡೆ ನೋಡಿದಳು. ನಾನು ಎದ್ದು ಹೋಗಿ, ಸೆರಗು ಸರಿ ಮಾಡಿಕೊಳ್ಳುವ ಹಾಗೆ ಆನೆ ಕಾಣುವಂತೆ ಪಕ್ಕದಲ್ಲಿ ನಿಂತೆ.

ಅವಳ ಕೈಗೂ ಎಳ್ಳುಂಡೆ ಬಂತು.